ಉಪ್ಪಿನಕಾಯಿ ಸೋರಲಿಲ್ಲ, ಫೋನು ಸೋರಿತು!

ದುಬೈಗೋ ಮಸ್ಕತ್ತಿಗೋ ಹೊರಟವರ ಮನೆಯಲ್ಲಿ ಹಿಂದಿನ ದಿನ ನಡೆಯುವ ಗಡಿಬಿಡಿ ದಕ್ಷಿಣ ಕನ್ನಡ ಜಿಲ್ಲೆಯವರಿಗೆ ಹೊಸತಲ್ಲ. ಮಿಡಿ ಉಪ್ಪಿನಕಾಯಿಯ ಬಾಟ್ಲಿಗೆ ಮೂರು ಸುತ್ತು ಪ್ಲಾಸ್ಟಿಕ್, ಅದರ ಮೇಲೆ ಟೇಪು, ಅದರ ಮೇಲೆ ಹಳೇ ಲುಂಗಿ. ಹಪ್ಪಳ ಒಡೆಯಬಾರದು, ಹಲಸಿನ ಚಿಪ್ಸ್ ಪುಡಿಯಾಗಬಾರದು, ಪೆಟ್ಟಿಗೆಯ ತೂಕ ವಿಮಾನದವರು ಹೇಳಿದ್ದಕ್ಕಿಂತ ಒಂದು ಗುಲಗಂಜಿಯೂ ಹೆಚ್ಚಾಗಬಾರದು. ಮನೆಯ ತಕ್ಕಡಿಯ ಮೇಲೆ ನಂಬಿಕೆ ಸಾಲದೆ ಪಕ್ಕದ ಅಂಗಡಿಯ ತಕ್ಕಡಿಯಲ್ಲೂ ಒಮ್ಮೆ ತೂಗಿ ನೋಡುತ್ತಾರೆ. ಇಷ್ಟೆಲ್ಲ ಜಾಗ್ರತೆ ಮಾಡಿದವರು ಕಿಸೆಯಲ್ಲಿ ಬಾಯಿ ತೆರೆದುಕೊಂಡೇ ಕೂತಿರುವ ಒಂದು ವಸ್ತುವನ್ನು ಮಾತ್ರ ಮರೆಯುತ್ತಾರೆ. ಅದು ಮೊಬೈಲು.

ಉಪ್ಪಿನಕಾಯಿ ಸೋರಿದರೆ ಹಾಳಾಗುವುದು ಒಂದು ಜೊತೆ ಬಟ್ಟೆ. ಮೊಬೈಲು ಸೋರಿದರೆ ಹೋಗುವುದು ಒಂದು ತಿಂಗಳ ಪಿಂಚಣಿ, ಇಲ್ಲವೇ ವರ್ಷಗಟ್ಟಲೆ ಬೀಡಿ ಕಟ್ಟಿ ಕೂಡಿಸಿಟ್ಟ ದುಡ್ಡು. ಅದೂ ಸದ್ದಿಲ್ಲದೆ. ಬಿಲ್ಲು ಕೈಗೆ ಬಂದಾಗಲೇ ಗೊತ್ತಾಗುವುದು.

ಬಜಪೆಯಿಂದ ದುಬೈಗೆ ನೇರ ವಿಮಾನ ಹಾರಲು ಶುರುವಾದದ್ದು 2006ರಲ್ಲಿ. ಅಂದಿನಿಂದ ಗಲ್ಫ್ ಎಂಬುದು ಈ ಕಡೆಯವರಿಗೆ ಬೆಂಗಳೂರಿಗಿಂತ ಹತ್ತಿರವಾಗಿಬಿಟ್ಟಿದೆ. ಹೋಗುವವರು ಈಗ ಬರೀ ದುಡಿಯುವ ಗಂಡಸರಲ್ಲ. ಮಗಳ ಬಾಣಂತನಕ್ಕೆ ತಾಯಿ ಹೋಗುತ್ತಾಳೆ. ಮಗ ಹೊಸ ಮನೆ ಮಾಡಿದನೆಂದು ನಿವೃತ್ತ ಮಾಸ್ತರರು ಹೋಗುತ್ತಾರೆ. ಹಜ್, ಉಮ್ರಾಕ್ಕೆಂದು ಮುದುಕರು ಹೋಗುತ್ತಾರೆ. ಮುಕ್ತಿನಾಥ, ಪಶುಪತಿನಾಥನ ದರ್ಶನಕ್ಕೆ ಬಸ್ಸು ತುಂಬ ಜನ ನೇಪಾಳಕ್ಕೆ ಹೋಗುತ್ತಾರೆ. ಇವರೆಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಉಂಟು. ರೋಮಿಂಗ್ ಎಂದರೇನು ಎಂದು ಕೇಳಿದರೆ ಮಾತ್ರ ಉತ್ತರ ಒಂದೇ: "ಅದೆಲ್ಲ ಈಗ ಇಲ್ಲ ಅಲ್ವಾ ಮಾರಾಯ್ರೆ? ದಿನಕ್ಕೆ ಎರಡು ಜಿಬಿ ಪ್ಯಾಕ್ ಉಂಟಲ್ಲ!"

ತಪ್ಪು ತಿಳಿವಳಿಕೆಯ ಬೇರು ಇರುವುದು ಇಲ್ಲೇ. ದೇಶದೊಳಗೆ ರೋಮಿಂಗ್ ಎಂಬ ಕಾಟ ತಪ್ಪಿ ವರ್ಷಗಳೇ ಆದವು. 2015ರ ಜೂನಿನಲ್ಲಿ ಬಿಎಸ್‌ಎನ್‌ಎಲ್ ಒಳಬರುವ ಕರೆಗೆ ರೋಮಿಂಗ್ ದುಡ್ಡು ಬೇಡವೆಂದಿತು. ಖಾಸಗಿಯವರೂ ಒಬ್ಬೊಬ್ಬರಾಗಿ ಆ ದಾರಿಗೆ ಬಂದರು. ಪುತ್ತೂರಿನ ಸಿಮ್ಮು ದೆಹಲಿಯಲ್ಲೂ ಪುತ್ತೂರಿನಲ್ಲಿದ್ದಂತೆಯೇ ನಡೆಯುತ್ತದೆ. ಹಾಗಾಗಿ ದುಬೈಯಲ್ಲೂ ಹಾಗೇ ನಡೆದೀತು ಎಂದು ಜನ ನಂಬುತ್ತಾರೆ. ಫೋನಿನ ಮೂಲೆಯಲ್ಲಿ ಗೆರೆ ಎದ್ದು ನಿಂತರೆ ಸಾಕು, ಊರಿನ ಪ್ಯಾಕೇ ಓಡುತ್ತಿದೆ ಎಂದು ನೆಮ್ಮದಿ. ಊರಿನ ಪ್ಯಾಕು ಊರಿಗೆ ಮಾತ್ರ. ಗಡಿ ದಾಟಿದ ಕ್ಷಣ ಅದು ಹಳೇ ಬಸ್ ಟಿಕೇಟಿಗೆ ಸಮ.

ಲೆಕ್ಕ ಹಾಕಿ ನೋಡಿ

ವಿದೇಶಿ ಪ್ಯಾಕು ಹಾಕಿಸದೆ, ಪೋಸ್ಟ್‌ಪೇಯ್ಡ್ ಸಿಮ್ಮಿನಲ್ಲಿ ನೆಟ್ಟು ಓಡಿದರೆ ಏನಾಗುತ್ತದೆ? ಪ್ಯಾಕಿಲ್ಲದ ದರವನ್ನು ಕಂಪನಿಗಳು ಜಿಬಿಯಲ್ಲಿ ಬರೆಯುವುದು ಕಡಿಮೆ. 10 ಕೆಬಿಗೆ ಇಷ್ಟು, ಒಂದು ಎಂಬಿಗೆ ಇಷ್ಟು ಎಂದು ಬರೆಯುತ್ತಾರೆ. ಓದುವವನಿಗೆ ಬೆಂಕಿಪೊಟ್ಟಣದ ಬೆಲೆಯಂತೆ ಕಾಣುತ್ತದೆ. ಲೆಕ್ಕಕ್ಕೆಂದು 10 ಕೆಬಿಗೆ 5 ರೂಪಾಯಿ ಎಂದು ಇಟ್ಟುಕೊಳ್ಳಿ. ಐದೇ ರೂಪಾಯಿ, ಒಂದು ಚಾಕ್ಲೇಟು!

ಒಂದು ಎಂಬಿ ಎಂದರೆ 1,024 ಕೆಬಿ. ಅಲ್ಲಿಗೆ ಒಂದು ಎಂಬಿಗೆ 512 ರೂಪಾಯಿ. ಬೆಳಿಗ್ಗೆ ಎದ್ದು ಕುಟುಂಬದ ಗುಂಪಿನಲ್ಲಿ ಯಾರೋ ಹಾಕುವ ಗುಲಾಬಿ ಹೂವಿನ ಶುಭೋದಯದ ಚಿತ್ರ 100 ಕೆಬಿ ಇದ್ದರೆ ಅದಕ್ಕೆ 50 ರೂಪಾಯಿ. 3 ಎಂಬಿಯ ಒಂದು ಫೋಟೋ ಕಳಿಸಿದರೆ 1,536 ರೂಪಾಯಿ. ವಿಡಿಯೋ ಕಾಲ್ ನಿಮಿಷಕ್ಕೆ 5 ಎಂಬಿ ತಿನ್ನುತ್ತದೆ ಎಂದೇ ಹಿಡಿದರೂ, ಊರಲ್ಲಿರುವ ಅಜ್ಜನಿಗೆ ಮೊಮ್ಮಗುವನ್ನು ಹತ್ತು ನಿಮಿಷ ತೋರಿಸಿದ್ದಕ್ಕೆ 25,600 ರೂಪಾಯಿ. ದರ ಇದರ ಅರ್ಧ ಇದ್ದರೂ ಕಾಲುಭಾಗ ಇದ್ದರೂ ಹೊಟ್ಟೆ ಉರಿಯುವುದು ತಪ್ಪುವುದಿಲ್ಲ.

ಮಗುವನ್ನು ತೋರಿಸಿದ್ದಾದರೂ ಸರಿ, ಸಂತೋಷಪಟ್ಟದ್ದಕ್ಕೆ ದುಡ್ಡು ಕೊಟ್ಟೆವು ಎನ್ನಬಹುದು. ಏನೂ ಮಾಡದೆ ಸುಮ್ಮನೆ ಕೂತವನಿಗೂ ಬಿಲ್ಲು ಬರುತ್ತದಲ್ಲ, ಅದೇ ಇದರ ಮೋಜು. ಫೋನು ಕಿಸೆಯಲ್ಲಿ ಮಲಗಿದ್ದರೂ ಒಳಗಿನ ಆ್ಯಪುಗಳು ಮಲಗುವುದಿಲ್ಲ. ಒಂದು ಆ್ಯಪು ತನ್ನ ಹೊಸ ರೂಪ ಇಳಿಸಿಕೊಳ್ಳುತ್ತದೆ. ಇನ್ನೊಂದು ವಿಮಾನದ ಕಿಟಕಿಯಿಂದ ತೆಗೆದ ನಲವತ್ತು ಫೋಟೋಗಳನ್ನೂ ಕ್ಲೌಡಿಗೆ ಏರಿಸುತ್ತದೆ. ಮೇಲ್ ತಾನಾಗಿ ಬರುತ್ತದೆ, ವಾಟ್ಸ್‌ಆ್ಯಪ್ ಗುಂಪಿನ ವಿಡಿಯೋಗಳು ತಾವಾಗಿ ಇಳಿಯುತ್ತವೆ. ಮನೆಯ ಯಜಮಾನ ನಿದ್ದೆಯಲ್ಲಿದ್ದಾಗ ಅಂಗಡಿಯಿಂದ ಕಡ ತರುವ ಮಕ್ಕಳ ಹಾಗೆ.

ಎಸ್‌ಟಿಡಿ ಬೂತಿನ ಕೆಂಪಂಕಿ

ಹಿಂದಿನ ಕಾಲವನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಗಲ್ಫಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಟೆಲಿಫೋನ್ ಎಕ್ಸ್‌ಚೇಂಜಿನ ಎದುರು ಗಂಟೆಗಟ್ಟಲೆ ಕಾದವರು ಇಂದಿಗೂ ಇದ್ದಾರೆ. ಮಾತು ಶುರುವಾಗಿ ಮೂರು ನಿಮಿಷ ಆಗುತ್ತಲೇ ಆಪರೇಟರಮ್ಮ ನಡುವೆ ಬಾಯಿ ಹಾಕುತ್ತಿದ್ದಳು: "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಅದನ್ನು ಕೇಳಿ ಸಿಟ್ಟು ಬರುತ್ತಿತ್ತು. ಆದರೆ ಆಕೆ ಉಳಿಸಿದ ದುಡ್ಡು ಎಷ್ಟೋ.

ಆಮೇಲೆ ಊರೂರಿಗೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಬಂತು. ಗಾಜಿನ ಪೆಟ್ಟಿಗೆಯೊಳಗೆ ಮಾತಾಡುವವನ ಕಣ್ಣೆದುರಿಗೇ ಮೀಟರು. ಕೆಂಪಂಕಿ ಓಡುತ್ತಿತ್ತು. ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತೈದು. ಕಿಸೆಯಲ್ಲಿ ಐವತ್ತೇ ಇದ್ದವನು ನಲವತ್ತೈದಕ್ಕೆ "ಇಡ್ತೇನೆ" ಎಂದು ಇಟ್ಟುಬಿಡುತ್ತಿದ್ದ. ಓದು ಬರಹ ಬಾರದವನಿಗೂ ಅಂಕಿ ತಿಳಿಯುತ್ತಿತ್ತು. ರಿಕ್ಷಾಕ್ಕೆ ಮೀಟರು, ಕರೆಂಟಿಗೆ ಮೀಟರು, ಪೆಟ್ರೋಲ್ ಬಂಕಿನಲ್ಲಿ ಮೀಟರು. ಮೊದಲು ಸೊನ್ನೆ ನೋಡಿ ಎಂದು ಬಂಕಿನ ಹುಡುಗನೇ ಹೇಳುತ್ತಾನೆ.

ಅಂಥದ್ದರಲ್ಲಿ ಲೋಕದ ಬುದ್ಧಿಯೆಲ್ಲ ತನ್ನೊಳಗೆ ತುಂಬಿಕೊಂಡಿರುವ ಈ ಸ್ಮಾರ್ಟ್‌ಫೋನಿನಲ್ಲಿ ಓಡುವ ರೂಪಾಯಿ ಮಾತ್ರ ಕಣ್ಣಿಗೆ ಕಾಣುವುದಿಲ್ಲ! ಎಂಬಿ ಎಷ್ಟು ಎಂದು ತೋರಿಸುತ್ತದೆ, ಹುಡುಕಿದರೆ. ರೂಪಾಯಿ ಎಷ್ಟು ಎಂದು ತೋರಿಸುವುದಿಲ್ಲ. ಇದು ಬುದ್ಧಿವಂತಿಕೆಯೋ ಜಾಣಕುರುಡೋ?

"ಕಂಪನಿಗೂ ಆಗ ಗೊತ್ತಿರುವುದಿಲ್ಲ, ಲೆಕ್ಕ ವಿದೇಶದಿಂದ ತಡವಾಗಿ ಬರ್ತದೆ" ಎಂಬುದು ಕೌಂಟರಿನಲ್ಲಿ ಸಿಗುವ ಮಾಮೂಲು ಸಮಾಧಾನ. ಅರ್ಧ ನಿಜ. ಅಲ್ಲಿನ ಕಂಪನಿಯ ಅಂತಿಮ ಲೆಕ್ಕದ ಕಡತ ಬರಲು ಹೊತ್ತು ಹಿಡಿಯಬಹುದು. ಆದರೆ ರೋಮಿಂಗಿನಲ್ಲಿ ನೆಟ್ ಹಾಕಿದಾಗ ಡೇಟಾ ಹೋಗುವ ದಾರಿ ನೋಡಿ. ಸಾಮಾನ್ಯವಾಗಿ ಅದು ದುಬೈಯಿಂದ ನೇರವಾಗಿ ಇಂಟರ್ನೆಟ್ಟಿಗೆ ಹೋಗುವುದಿಲ್ಲ. ಸಮುದ್ರ ದಾಟಿ, ಸಿಮ್ಮು ಕೊಟ್ಟ ಭಾರತದ ಕಂಪನಿಯ ಬಾಗಿಲಿಗೇ ಬಂದು, ಅಲ್ಲಿಂದ ಹೊರಡುತ್ತದೆ. ತನ್ನ ಹೊಸ್ತಿಲು ದಾಟಿ ಹೋಗುವ ಮೂಟೆಯನ್ನು ಮನೆಯವನು ಎಣಿಸಲಾರನೇ? ಇನ್ನೊಂದು ಮಾತು. ರೋಮಿಂಗ್ ಹೆಸರಿನಲ್ಲಿ ಕಂಪನಿಗಳಿಗೇ ಟೋಪಿ ಹಾಕುವ ಖದೀಮರು ಹೆಚ್ಚಾದಾಗ, ಬಳಕೆಯ ವಿವರ ಗಂಟೆಗಳೊಳಗೆ ಒಬ್ಬರಿಂದೊಬ್ಬರಿಗೆ ಮುಟ್ಟುವ ವ್ಯವಸ್ಥೆಯನ್ನು ಜಗತ್ತಿನ ಮೊಬೈಲ್ ಕಂಪನಿಗಳ ಒಕ್ಕೂಟವಾದ ಜಿಎಸ್‌ಎಂಎ 2008ರಲ್ಲೇ ಜಾರಿಗೆ ತಂದಿತು. ತಮ್ಮ ಗಂಟು ಹೋಗುವಾಗ ಗಂಟೆಗಳ ಲೆಕ್ಕ, ಗಿರಾಕಿಯ ಗಂಟು ಹೋಗುವಾಗ ತಿಂಗಳ ಲೆಕ್ಕ. ಇದು ಯಾವ ನ್ಯಾಯ?

ಯುರೋಪಿನವರು ಏನು ಮಾಡಿದರು?

ಇಂಥ ಬಿಲ್ಲಿನ ಪೆಟ್ಟು ತಿಂದದ್ದು ಭಾರತೀಯರು ಮಾತ್ರ ಅಲ್ಲ. ಯುರೋಪಿನಲ್ಲಿ ಬೆಳಿಗ್ಗೆ ಒಂದು ದೇಶ, ಮಧ್ಯಾಹ್ನ ಇನ್ನೊಂದು ದೇಶ. ಅಲ್ಲಿಯೂ ಜನ ಬೊಬ್ಬೆ ಹೊಡೆದರು. 2010ರ ಜುಲೈ 1ರಿಂದ ಯುರೋಪಿಯನ್ ಒಕ್ಕೂಟ ಒಂದು ಕಟ್ಟು ತಂದಿತು. ಗಿರಾಕಿ ತಾನಾಗಿ ಬೇರೆ ಮಿತಿ ಕೇಳದಿದ್ದರೆ, ಡೇಟಾ ರೋಮಿಂಗಿನ ಖರ್ಚು 50 ಯೂರೋಗೆ, ತೆರಿಗೆ ಬಿಟ್ಟು, ಮುಟ್ಟಿದೊಡನೆ ನೆಟ್ಟು ನಿಲ್ಲಬೇಕು. ಶೇಕಡಾ 80ಕ್ಕೆ ಬಂದಾಗ ಎಚ್ಚರಿಕೆ ಕೊಡಬೇಕು. 2017ರ ಜೂನ್ 15ರಿಂದ ಒಕ್ಕೂಟದ ದೇಶಗಳೊಳಗೆ ಓಡಾಡುವಾಗ ರೋಮಿಂಗಿನ ಹೆಚ್ಚುವರಿ ದರವನ್ನೇ ತೆಗೆದರು. 2022ರಲ್ಲಿ ಆ ನಿಯಮವನ್ನು 2032ರವರೆಗೆ ಮುಂದುವರಿಸಿದರು. ಕಂಪನಿಗಳು ಮುಳುಗಿ ಹೋದವೇ? ಇಲ್ಲ.

ಭಾರತದಲ್ಲೂ ಟ್ರಾಯ್ ಎಂಬ ನಿಯಂತ್ರಣ ಪ್ರಾಧಿಕಾರ 2020ರಲ್ಲಿ ವಿದೇಶಿ ರೋಮಿಂಗ್ ಬಗ್ಗೆಯೇ ಸಮಾಲೋಚನಾ ಪತ್ರ ಹೊರಡಿಸಿ, ಬಿಲ್ಲಿನ ಆಘಾತದ ಪ್ರಶ್ನೆಯನ್ನು ಎತ್ತಿತ್ತು. ಕೆಲವು ಕಂಪನಿಗಳು ಈಗ ವಿಮಾನ ಇಳಿದೊಡನೆ ಮೆಸೇಜು ಕಳಿಸುತ್ತವೆ, ದಿನದ ಪ್ಯಾಕು ಮಾರುತ್ತವೆ. ಒಳ್ಳೆಯದೇ. ಆದರೆ ಆ ಮೆಸೇಜು ಬರುವುದು ಇಂಗ್ಲಿಷಿನಲ್ಲಿ. ಅದೂ ಒಂದು ಕೈಯಲ್ಲಿ ಪಾಸ್‌ಪೋರ್ಟು, ಇನ್ನೊಂದರಲ್ಲಿ ಬ್ಯಾಗು ಹಿಡಿದು ಇಮಿಗ್ರೇಷನ್ ಸಾಲಿನಲ್ಲಿ ನಿಂತಾಗ. ಸಾಲೆತ್ತೂರಿನ ಅಜ್ಜಿ ಅದನ್ನು ಓದಿ, ತಿಳಿದು, ಸೆಟ್ಟಿಂಗ್ ಬದಲಾಯಿಸುತ್ತಾಳೆ ಎಂದು ನಂಬುವವರು ಎಸಿ ಕೋಣೆಯಲ್ಲಿ ಕೂತವರೇ ಇರಬೇಕು.

"ಆಫ್ ಮಾಡಿ ಇಡಬೇಕಿತ್ತು, ತಪ್ಪು ಗಿರಾಕಿಯದ್ದೇ" ಎಂಬ ವಾದವೂ ಉಂಟು. ವಿದೇಶದ ಕಂಪನಿಗೆ ಇಲ್ಲಿನ ಕಂಪನಿ ದುಡ್ಡು ಕಟ್ಟಬೇಕಲ್ಲ ಎಂಬುದೂ ಸುಳ್ಳಲ್ಲ. ಸೇವೆ ಪಡೆದವನು ದುಡ್ಡು ಕೊಡಬೇಕು, ಸರಿ. ಆದರೆ ಬೆಲೆ ಗೊತ್ತಿದ್ದು ಕೊಂಡದ್ದು ವ್ಯಾಪಾರ. ಬೆಲೆ ಕಾಣದಂತೆ ಇಟ್ಟು ಕೊಟ್ಟದ್ದು ಬೇರೆಯೇ. ಹೋಟೆಲಿನಲ್ಲಿ ದರಪಟ್ಟಿ ಗೋಡೆಗೆ ಹಾಕಬೇಕು ಎಂದು ಕೇಳುವ ಸರಕಾರ, ಇಲ್ಲಿ ಮಾತ್ರ ಊಟ ಮುಗಿದ ಮೇಲೆ ಬೆಲೆ ಹೇಳುವುದನ್ನು ಒಪ್ಪಬಾರದು.

ಅಲ್ಲಿಯವರೆಗೆ ಮಾಡಬೇಕಾದ್ದು

ನಿಯಮ ಬಿಗಿಯಾಗುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ತನ್ನ ಬೇಲಿ ತಾನೇ ಕಟ್ಟಿಕೊಳ್ಳಬೇಕು. ಕಷ್ಟವೇನಿಲ್ಲ.

ಮನೆ ಬಿಡುವ ಮೊದಲೇ ಫೋನಿನ ಸೆಟ್ಟಿಂಗಿನಲ್ಲಿ ಸಿಮ್ ಅಥವಾ ಮೊಬೈಲ್ ನೆಟ್‌ವರ್ಕ್ ಎಂದಿರುವಲ್ಲಿಗೆ ಹೋಗಿ 'ಡೇಟಾ ರೋಮಿಂಗ್' ಎಂಬುದನ್ನು ಬಂದ್ ಮಾಡಿ. ಎರಡು ಸಿಮ್ ಇದ್ದರೆ ಎರಡಕ್ಕೂ ಮಾಡಿ. ಹೀಗೆ ಮಾಡಿದರೂ ಕರೆ ಮತ್ತು ಮೆಸೇಜಿಗೆ ಸಿಮ್ಮು ಜೀವಂತ ಇರಬಹುದು. ಬ್ಯಾಂಕಿನ ಒಟಿಪಿ ಬರಬೇಕೆಂದರೆ ಇಂಟರ್‌ನ್ಯಾಷನಲ್ ರೋಮಿಂಗ್ ಸೇವೆ ಚಾಲೂ ಇರಬೇಕು, ಡೇಟಾ ಬೇಕಾಗಿಲ್ಲ. ಮೆಸೇಜು ಬರುವುದಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ. ಆದರೆ ಕರೆ ಎತ್ತಿದರೆ ಎತ್ತಿದವನಿಗೂ ದುಡ್ಡು ಬೀಳುತ್ತದೆ ಎಂಬುದು ನೆನಪಿರಲಿ. ಲೋನ್ ಬೇಕಾ ಎಂದು ಊರಿಂದ ಕೇಳುವ ಕರೆಗೂ!

ಎರಡು ಸಿಮ್ಮಿನ ಫೋನಿಗೆ ಇನ್ನೊಂದು ಚಾಳಿ ಉಂಟು. ಒಂದರಲ್ಲಿ ಸಿಗ್ನಲ್ ಇಳಿದರೆ ತಾನಾಗಿ ಇನ್ನೊಂದರ ಡೇಟಾಕ್ಕೆ ಹಾರುತ್ತದೆ. ಐಫೋನಿನಲ್ಲಿ ವೈಫೈ ಬಲ ಕಡಿಮೆಯಾದಾಗ ಮೊಬೈಲ್ ಡೇಟಾಕ್ಕೆ ಜಾರುವ 'ವೈಫೈ ಅಸಿಸ್ಟ್' ಎಂಬುದೂ ಇದೆ. ಉಪಕಾರ ಮಾಡಲು ಬಂದು ಅಪಕಾರ ಮಾಡುವ ನೆಂಟನ ಹಾಗೆ. ಎರಡನ್ನೂ ಮುಚ್ಚಿ.

ಒಂದೆರಡು ವಾರಕ್ಕಿಂತ ಹೆಚ್ಚು ಉಳಿಯುವವರಿಗೆ ಅಲ್ಲಿನ ಸಿಮ್ಮೇ ಲೇಸು. ಸೌದಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ಬೆರಳಚ್ಚು ಕೊಡಬೇಕಾಗುತ್ತದೆ, ಅಷ್ಟೇ. ಹಜ್ಜಿಗೆ ಹೋದವರು ಸುಮಾರು ನಲವತ್ತು ದಿನ ಅಲ್ಲಿರುತ್ತಾರೆ. ದಿನದ ಲೆಕ್ಕದ ಪ್ಯಾಕು ಹಾಕುತ್ತ ಹೋದರೆ ಕೈ ಸುಟ್ಟುಕೊಂಡಂತೆ. ಹೊಸ ಫೋನಾದರೆ ಇ-ಸಿಮ್ ಎಂಬ ದಾರಿಯೂ ಇದೆ. ಊರಿನ ಸಿಮ್ಮು ಒಟಿಪಿಗೆ, ಅಲ್ಲಿನದ್ದು ನೆಟ್ಟಿಗೆ.

ನಾಲ್ಕೈದು ದಿನದ ಪ್ರವಾಸಕ್ಕಾದರೆ ಪ್ಯಾಕು ಸಾಕು. ಆದರೆ ಅಂಗಡಿಯವ ಹೇಳಿದ್ದಕ್ಕೆ ತಲೆ ಆಡಿಸಿ ಬರಬೇಡಿ. ಮೂರು ಪ್ರಶ್ನೆ ಕೇಳಿ. ಯಾವ ಯಾವ ದೇಶಕ್ಕೆ ನಡೆಯುತ್ತದೆ? ನಡುವೆ ವಿಮಾನ ಬದಲಾಯಿಸುವ ದೇಶವೂ ಅದರಲ್ಲಿ ಇದೆಯೇ? ಪ್ಯಾಕು ಮುಗಿದ ಮೇಲೆ ನೆಟ್ಟು ನಿಲ್ಲುತ್ತದೋ, ದುಬಾರಿ ದರದಲ್ಲಿ ಓಡುತ್ತದೋ? ಯುಎಇಗೆ ಪ್ಯಾಕು ಹಾಕಿಸಿದವನು ದೋಹಾದಲ್ಲಿ ಮೂರು ಗಂಟೆ ಕೂತು ನೆಟ್ ಹಾಕಿದರೆ, ದೋಹಾ ಆ ಪ್ಯಾಕಿನಲ್ಲಿ ಇಲ್ಲದಿದ್ದರೆ, ಪ್ಯಾಕು ಇದ್ದೂ ಇಲ್ಲದ ಹಾಗೆ. ವಿಮಾನದಲ್ಲೂ ಹಡಗಿನಲ್ಲೂ ಉಪಗ್ರಹದ ಮೂಲಕ ನಡೆಯುವ ಬೇರೆಯೇ ನೆಟ್‌ವರ್ಕ್ ಇರುತ್ತದೆ. ಅದರ ದರ ಇನ್ನೂ ಮೇಲೆ. ಗಗನಸಖಿ 'ಫ್ಲೈಟ್ ಮೋಡ್' ಎಂದಾಗ ಅಸಡ್ಡೆ ಮಾಡದೆ ಒತ್ತಿ, ಜೇಬಿಗೂ ಕ್ಷೇಮ.

ಪ್ರೀಪೇಯ್ಡ್ ಇದ್ದವರ ಅಪಾಯ ಕಡಿಮೆ. ಒಳಗಿರುವ ಬ್ಯಾಲೆನ್ಸು ಮುಗಿದರೆ ಅಲ್ಲಿಗೆ ನಿಂತಿತು. ಪೋಸ್ಟ್‌ಪೇಯ್ಡಿನವರು, ಅದರಲ್ಲೂ ಬಿಲ್ಲು ಬ್ಯಾಂಕಿನಿಂದ ತಾನಾಗಿ ಹೋಗುವಂತೆ ಮಾಡಿಕೊಂಡವರು, ಹೊರಡುವ ಮೊದಲೇ ಆ ಏರ್ಪಾಟು ನಿಲ್ಲಿಸಿ, ಬಿಲ್ಲು ನೋಡಿ ಕಟ್ಟುವುದು ಒಳಿತು.

ನೇಪಾಳದ ಯಾತ್ರಿಕರಿಗೆ ಬೇರೆಯೇ ಎಚ್ಚರಿಕೆ. ಭಾರತೀಯರಿಗೆ ಅಲ್ಲಿ ಪಾಸ್‌ಪೋರ್ಟ್ ಕಡ್ಡಾಯ ಅಲ್ಲ, ವೀಸಾ ಇಲ್ಲ. ಗೋರಖಪುರದಿಂದ ಬಸ್ಸು ಹೊರಟು ಸೋನೌಲಿ ದಾಟಿದ್ದೇ ಗೊತ್ತಾಗುವುದಿಲ್ಲ. ಭಜನೆ ನಡೆಯುತ್ತಲೇ ಇರುತ್ತದೆ. ಫೋನಿನ ಗಡಿಯಾರ ಹದಿನೈದು ನಿಮಿಷ ಮುಂದೆ ಹೋದದ್ದು ಕಂಡರೆ ತಿಳಿಯಿರಿ, ಅದು ಪರದೇಶದ ಸಿಗ್ನಲ್ ಹಿಡಿದಿದೆ. ದೇವರು ಒಬ್ಬನೇ ಇರಬಹುದು, ಮೊಬೈಲ್ ಕಂಪನಿ ಬೇರೆ.

ಬಿಲ್ಲು ಬಂದೇ ಬಿಟ್ಟರೆ?

ಹೆದರಿ ಒಡವೆ ಅಡವಿಡುವ ಮೊದಲು ಕಾಗದ ಪೆನ್ನು ತೆಗೆಯಿರಿ. ಯಾವ ದಿನ, ಯಾವ ಹೊತ್ತು, ಎಷ್ಟು ಎಂಬಿ ಎಂಬ ವಿವರವಾದ ಬಿಲ್ಲು ಕೇಳಿ. ಕಂಪನಿಯ ದೂರು ಕೇಂದ್ರಕ್ಕೆ ದೂರು ಕೊಟ್ಟು ಅದರ ನಂಬರು ಬರೆದಿಟ್ಟುಕೊಳ್ಳಿ. ಬಾಯಿಮಾತಿನ ದೂರಿಗೆ ಬೆಲೆ ಇಲ್ಲ. ಅಲ್ಲಿ ಪರಿಹಾರ ಸಿಗದಿದ್ದರೆ ಕಂಪನಿಯೊಳಗೇ ಮೇಲ್ಮನವಿ ಪ್ರಾಧಿಕಾರ ಎಂದು ಇರುತ್ತದೆ. ಅಲ್ಲಿಗೆ 30 ದಿನದೊಳಗೆ ಹೋಗಬೇಕು. ಟ್ರಾಯ್‌ಗೆ ಬರೆದರೆ ಒಬ್ಬೊಬ್ಬರ ಬಿಲ್ಲಿನ ವಿಚಾರಣೆಯನ್ನು ಅದು ಮಾಡುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು.

ಅದಕ್ಕೂ ಜಗ್ಗದಿದ್ದರೆ ಗ್ರಾಹಕ ಆಯೋಗ. ಫೋನಿನ ತಕರಾರು ಗ್ರಾಹಕ ನ್ಯಾಯಾಲಯಕ್ಕೆ ಬರುವುದಿಲ್ಲ ಎಂಬ ಮಾತು ಇನ್ನೂ ಕೆಲವರ ಬಾಯಲ್ಲಿದೆ. ಅದು 2009ರ ಸುಪ್ರೀಂ ಕೋರ್ಟ್ ತೀರ್ಪಿನ ಕಾಲದ್ದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಟೆಲಿಕಾಂ ಸೇವೆಯನ್ನು ಹೆಸರು ಹಿಡಿದೇ ಒಳಗೆ ತಂದಿದೆ. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೂ ಇಂಥ ದೂರು ಗ್ರಾಹಕ ವೇದಿಕೆಯಲ್ಲಿ ನಡೆಯುತ್ತದೆ ಎಂದು ಸ್ಪಷ್ಟ ಮಾಡಿತು. ಕಂಪನಿಯ ಕಚೇರಿ ಮುಂಬಯಿಯಲ್ಲಿರಲಿ ದೆಹಲಿಯಲ್ಲಿರಲಿ, ಗಿರಾಕಿ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹಾಕಬೇಕು, ಅಷ್ಟೇ.

ಜಿಲ್ಲೆಯಲ್ಲೇ ಆಗಬಹುದಾದ ಕೆಲಸ

ದೆಹಲಿಯಲ್ಲಿ ಆಗಬೇಕಾದ್ದು ದೆಹಲಿಯಲ್ಲಿ ಆಗಲಿ. ಗಿರಾಕಿ ತಾನು ಹೇಳಿದ ರೂಪಾಯಿಗೆ ನೆಟ್ಟು ತಾನಾಗಿ ನಿಲ್ಲಬೇಕು, ಎಚ್ಚರಿಕೆ ಅವನ ಭಾಷೆಯಲ್ಲಿ ಬರಬೇಕು, ಓಡುವ ಮೀಟರು ರೂಪಾಯಿಯಲ್ಲಿ ಕಾಣಬೇಕು. ಜಿಲ್ಲೆಯ ಸಂಸದರು ಈ ಮೂರು ಮಾತನ್ನು ಲೋಕಸಭೆಯಲ್ಲಿ ಎತ್ತಿದರೆ ಅವರ ಗಂಟೇನೂ ಹೋಗುವುದಿಲ್ಲ.

ಆದರೆ ಇಲ್ಲೇ ಆಗುವ ಕೆಲಸಕ್ಕೆ ಯಾರ ಅಪ್ಪಣೆ ಬೇಕು? ಬಜಪೆ ವಿಮಾನ ನಿಲ್ದಾಣದ ನಿರ್ಗಮನ ದ್ವಾರದ ಬಳಿ ವಾಚು, ಅತ್ತರಿನ ಜಾಹೀರಾತಿಗೆ ಗೋಡೆ ಇರುವಾಗ, 'ಡೇಟಾ ರೋಮಿಂಗ್ ಆಫ್ ಮಾಡಿದ್ದೀರಾ?' ಎಂದು ಕನ್ನಡದಲ್ಲಿ ಒಂದು ಬೋರ್ಡು ಹಾಕಲು ಜಾಗ ಸಿಗದೇ? ಟಿಕೇಟು ಮಾರುವ ಟ್ರಾವೆಲ್ಸ್‌ನವರು ಲಗೇಜಿನ ತೂಕ ಬರೆದುಕೊಡುವ ಚೀಟಿಯಲ್ಲೇ ಇನ್ನೊಂದು ಗೆರೆ ಬರೆಯಲಿ. ಹಜ್ ತರಬೇತಿ ಶಿಬಿರದಲ್ಲಿ ಇಹ್ರಾಮ್ ಉಡುವುದನ್ನು ಕಲಿಸುವಾಗ ಫೋನಿನ ಗುಂಡಿ ಒತ್ತುವುದನ್ನೂ ಐದು ನಿಮಿಷ ಕಲಿಸಲಿ. ನೇಪಾಳ ಯಾತ್ರೆಯ ಬಸ್ಸಿನ ವ್ಯವಸ್ಥಾಪಕರು ಸೋನೌಲಿಗೆ ಮೊದಲೇ ಮೈಕಿನಲ್ಲಿ ಒಂದು ಮಾತು ಹೇಳಲಿ. ರೀಚಾರ್ಜ್ ಅಂಗಡಿಯ ಹುಡುಗ, "ಅಮ್ಮಾ, ಫಾರಿನ್ನಿಗೆ ಹೋಗುದಾದ್ರೆ ಇದು ಸಾಕಾಗುದಿಲ್ಲ" ಎಂದು ಬಾಯಿ ಬಿಟ್ಟು ಹೇಳಿದರೆ ಅವನ ಕಮಿಷನ್ನಿಗೇನೂ ಕುಂದಿಲ್ಲ.

ಮನೆಯ ಮಕ್ಕಳಿಗೂ ಒಂದು ಮಾತು. ತಾಯಿಗೆ ಸಾವಿರಾರು ರೂಪಾಯಿಯ ಫೋನು ಕೊಡಿಸಿದ ಮಗ, ಅದರ ಬಾಯಿ ಮುಚ್ಚುವುದು ಹೇಗೆಂದು ಹೇಳಿಕೊಡಲು ಐದು ನಿಮಿಷ ಕೊಡುವುದಿಲ್ಲ. ಬಿಲ್ಲು ಬಂದ ಮೇಲೆ "ನಿನಗೆ ಎಷ್ಟು ಸಲ ಹೇಳಿದ್ದೆ" ಎಂದು ರೇಗುತ್ತಾನೆ. ಆಕೆ ಮುಂದಿನ ಸಲ ಮೊಮ್ಮಗುವಿನ ಮುಖ ನೋಡಲೂ ಫೋನು ಮುಟ್ಟಲು ಹೆದರುತ್ತಾಳೆ. ಕಳೆದುಹೋಗುವುದು ದುಡ್ಡು ಒಂದೇ ಅಲ್ಲ.

ಕಳ್ಳನಿಗೆ ಹೆದರಿ ಮನೆಗೆ ಬಾಗಿಲೇ ಇಡದವರು ಯಾರೂ ಇಲ್ಲ. ಬಾಗಿಲೂ ಬೇಕು, ಚಿಲಕವೂ ಬೇಕು. ಚಿಲಕ ಹಾಕುವುದು ಮನೆಯವರ ಕೆಲಸ. ಚಿಲಕವೇ ಇಲ್ಲದ ಬಾಗಿಲು ಮಾರಿದವನನ್ನು ಕೇಳುವುದು ಸರಕಾರದ ಕೆಲಸ. ಮೊದಲನೆಯದು ಇವತ್ತು ಸಂಜೆಯೇ ಆಗಬಹುದು. ಎರಡನೆಯದಕ್ಕೆ ಜನ ಬಾಯಿ ಬಿಡಬೇಕು.